ಮರುಕಳಿಸಿದ ರಕ್ತದ ಕ್ಯಾನ್ಸರಿಗೆ ಕಾರ್-ಟಿ, ಮಜ್ಜೆಯ ಕಸಿ, ಬೈಸ್ಪೆಸಿಫಿಕ್ ಔಷಧ: ಮಲೆನಾಡಿನ ಕುಟುಂಬಗಳಿಗೊಂದು ಹೋಲಿಕೆ

ಲಿಂಫೋಮಾ ಅಥವಾ ಲ್ಯುಕೇಮಿಯಾ ಒಮ್ಮೆ ಹತೋಟಿಗೆ ಬಂದು ಮತ್ತೆ ಮರುಕಳಿಸಿದರೆ, ಹತ್ತು ವರ್ಷಗಳ ಹಿಂದೆ ವೈದ್ಯರು ಹೇಳಬಹುದಾಗಿದ್ದದ್ದು ಮತ್ತೊಂದು ಸುತ್ತು ಕೀಮೋ ಮತ್ತು ಸಾಧ್ಯವಾದರೆ ಅಸ್ಥಿಮಜ್ಜೆಯ ಕಸಿ, ಇಷ್ಟೇ. ಈಗ ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಬೆಂಗಳೂರಿಗೋ ಮಣಿಪಾಲಕ್ಕೋ ಹೋದವರು ಕಾರ್-ಟಿ, ಬೈಸ್ಪೆಸಿಫಿಕ್, ಹ್ಯಾಪ್ಲೋ ಕಸಿ, ಕ್ಲಿನಿಕಲ್ ಟ್ರಯಲ್ ಎಂಬ ಹೆಸರುಗಳನ್ನೆಲ್ಲ ಒಂದೇ ಮಧ್ಯಾಹ್ನ ಕೇಳಿಸಿಕೊಂಡು ಊರಿಗೆ ಮರಳುತ್ತಾರೆ. ಅವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: ಇವುಗಳಲ್ಲಿ ಯಾವುದು ಒಳ್ಳೆಯದು, ತೋಟ ಅಡವಿಟ್ಟಾದರೂ ಹೊಸದನ್ನೇ ಮಾಡಿಸಬೇಕೆ? ಎಲ್ಲರಿಗೂ ಹೊಂದುವ ಉತ್ತರ ಇದಕ್ಕಿಲ್ಲ. ಆದರೆ ಯಾವ ಅಳತೆಗಳನ್ನು ಯಾವ ಕ್ರಮದಲ್ಲಿ ಹಿಡಿದು ನೋಡಬೇಕು ಎಂಬುದು ಗೊತ್ತಿದ್ದರೆ, ನಿಮ್ಮ ಮನೆಯ ರೋಗಿಗೆ ಯಾವ ದಾರಿ ತೆರೆದಿದೆ ಎಂದು ವೈದ್ಯರೊಂದಿಗೆ ಕುಳಿತು ನಿರ್ಧರಿಸಲು ಸಾಧ್ಯವಾಗುತ್ತದೆ.

ಮೊದಲು ಅಳತೆಗಳು

ಮೊದಲನೆಯದು ಕಾಯಿಲೆಯ ನಿಖರವಾದ ಹೆಸರು. ಬ್ಲಡ್ ಕ್ಯಾನ್ಸರ್ ಎಂಬ ಒಂದೇ ಮಾತಿನ ಕೆಳಗೆ ಹತ್ತಾರು ಕಾಯಿಲೆಗಳಿವೆ. ಭಾರತದಲ್ಲಿ ತಯಾರಾಗಿ ಅನುಮತಿ ಪಡೆದಿರುವ ನೆಕ್ಸ್‌ಕಾರ್19 ಮತ್ತು ಕಾರ್ಟೆಮಿ ಎಂಬ ಎರಡು ಕಾರ್-ಟಿ ಚಿಕಿತ್ಸೆಗಳೂ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಬದಲಿಸಿ ಮರಳಿ ಕೊಡುವ ವಿಧಾನ) ಬಿ ಕೋಶ ಎಂಬ ಬಿಳಿ ರಕ್ತಕಣಗಳ ಮೈಮೇಲಿರುವ ಸಿಡಿ19 ಎಂಬ ಪ್ರೋಟೀನನ್ನು ಗುರಿಯಾಗಿ ಹಿಡಿಯುತ್ತವೆ. ಆದ್ದರಿಂದ ಬಿ ಕೋಶದ ಲಿಂಫೋಮಾ ಮತ್ತು ಬಿ ಕೋಶದ ಲ್ಯುಕೇಮಿಯಾ ಇರುವವರಿಗೆ ಮಾತ್ರ ಈ ಮಾತು ಮುಂದುವರಿಯುತ್ತದೆ. ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ ಗುರಿ ಬೇರೆ. ಅದಕ್ಕೆ ಬಿಸಿಎಂಎ ಎಂಬ ಪ್ರೋಟೀನನ್ನು ಹಿಡಿಯುವ ಎರಡು ಕಾರ್-ಟಿ ಚಿಕಿತ್ಸೆಗಳು ಅಮೆರಿಕದಲ್ಲಿ 2021 ಮತ್ತು 2022ರಲ್ಲಿ ಅನುಮತಿ ಪಡೆದವು. ಎಎಂಎಲ್ ಎಂಬ ಲ್ಯುಕೇಮಿಯಾಗೆ ಈ ಸಿಡಿ19 ಚಿಕಿತ್ಸೆ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ಎಲೆಯಡಿಕೆ, ಹೊಗೆಸೊಪ್ಪಿನ ನಂಟಿರುವ ಬಾಯಿ ಕ್ಯಾನ್ಸರಿನವರೂ ಇದೇ ಆಸೆಯಿಂದ ವಿಚಾರಿಸುತ್ತಾರೆ. ಬಾಯಿ, ಸ್ತನ, ಜಠರ, ಶ್ವಾಸಕೋಶದಂಥ ಗಡ್ಡೆಯ ಕ್ಯಾನ್ಸರುಗಳಿಗೆ ಈ ಸಿಡಿ19 ಕಾರ್-ಟಿ ಚಿಕಿತ್ಸೆ ಅಲ್ಲ. ಕ್ಯಾನ್ಸರ್ ಕೋಶದ ಮೇಲೆ ಮಾತ್ರ ಇದ್ದು ಆರೋಗ್ಯವಂತ ಅಂಗದ ಮೇಲೆ ಇಲ್ಲದಂಥ ಗುರಿ ಅವುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಜೊತೆಗೆ ಗಡ್ಡೆಯ ಒಳಗಿನ ವಾತಾವರಣ ಕಾಯಿಲೆಯ ಕೋಶಗಳನ್ನು ಕೊಲ್ಲುವ ಟಿ ಕೋಶ ಎಂಬ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ. ಗಡ್ಡೆಗಳಿಗೆ ಕೋಶ ಚಿಕಿತ್ಸೆಯೇ ಇಲ್ಲವೆಂದಲ್ಲ: 2024ರ ಫೆಬ್ರವರಿಯಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ, ಅದೇ ವರ್ಷದ ಆಗಸ್ಟಿನಲ್ಲಿ ಸೈನೋವಿಯಲ್ ಸಾರ್ಕೋಮಾ ಎಂಬ ಅಪರೂಪದ ಗಡ್ಡೆಗೆ ಅಮೆರಿಕದಲ್ಲಿ ಒಂದೊಂದು ಕೋಶ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಆದರೆ ಬಾಯಿ ಕ್ಯಾನ್ಸರಿನವರು ಇವುಗಳಿಗಾಗಿ ಕಾಯುತ್ತ ಶಸ್ತ್ರಚಿಕಿತ್ಸೆಯನ್ನೋ ವಿಕಿರಣವನ್ನೋ ಒಂದು ತಿಂಗಳು ಮುಂದೂಡಿದರೂ ಕಳೆದುಕೊಳ್ಳುವುದೇ ಹೆಚ್ಚು.

ಎರಡನೆಯ ಅಳತೆ ಸಮಯ: ಮೊದಲ ಚಿಕಿತ್ಸೆ ಮುಗಿದು ಎಷ್ಟು ತಿಂಗಳಿಗೆ ಕಾಯಿಲೆ ಮರಳಿತು, ಈಗ ಎಷ್ಟು ವೇಗವಾಗಿ ಬೆಳೆಯುತ್ತಿದೆ. ಮೂರನೆಯದು ರೋಗಿಯ ಹೃದಯ, ಮೂತ್ರಪಿಂಡ, ಯಕೃತ್ತು ಎಷ್ಟನ್ನು ತಾಳಿಕೊಳ್ಳಬಲ್ಲವು ಎಂಬುದು. ಇಲ್ಲಿ ಹುಟ್ಟಿದ ವರ್ಷಕ್ಕಿಂತ ದೇಹದ ಸ್ಥಿತಿ ಮುಖ್ಯ. ನಾಲ್ಕನೆಯದು ಒಟ್ಟು ಖರ್ಚು ಮತ್ತು ದೂರ. ಐದನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ: ಈಗ ಇದನ್ನು ಆರಿಸಿಕೊಂಡರೆ ಮುಂದೆ ಯಾವ ದಾರಿಗಳು ಉಳಿಯುತ್ತವೆ, ಯಾವುವು ಮುಚ್ಚಿಹೋಗುತ್ತವೆ?

ಕಾರ್-ಟಿ

ರೋಗಿಯ ರಕ್ತದಿಂದಲೇ ಟಿ ಕೋಶಗಳನ್ನು ಯಂತ್ರದ ಮೂಲಕ ಬೇರ್ಪಡಿಸಿ ತೆಗೆದು, ಪ್ರಯೋಗಾಲಯದಲ್ಲಿ ನಿರುಪದ್ರವಿಯಾಗಿಸಿದ ವೈರಸ್ ಒಂದರ ಮೂಲಕ ಅವುಗಳೊಳಗೆ ಹೊಸ ಜೀನ್ ಸೇರಿಸಿ, ಕೋಟ್ಯಂತರ ಸಂಖ್ಯೆಯಲ್ಲಿ ಬೆಳೆಸಿ, ಮತ್ತೆ ಅದೇ ರೋಗಿಗೆ ಕೊಡುವುದು ಈ ಚಿಕಿತ್ಸೆ. ಹೊಸ ಜೀನ್‌ನಿಂದಾಗಿ ಆ ಟಿ ಕೋಶಗಳು ಸಿಡಿ19 ಇರುವ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ಕೋಶ ತೆಗೆಯಲು ಮೂರರಿಂದ ಐದು ಗಂಟೆ ಹಿಡಿಯುತ್ತದೆ, ತಯಾರಿಕೆಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಕೊಡುವ ಮೊದಲು ಫ್ಲುಡರಾಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಔಷಧಗಳ ಸಣ್ಣ ಕೀಮೋ ಇರುತ್ತದೆ. ಇಷ್ಟೆಲ್ಲ ಸಿದ್ಧತೆಯ ನಂತರ ಕೊಡುವ ಕೆಲಸ ಮಾತ್ರ ಅಚ್ಚರಿಯಾಗುವಷ್ಟು ಚಿಕ್ಕದು: ಅತಿಶೀತದಲ್ಲಿಟ್ಟಿದ್ದ ಚೀಲವನ್ನು ಹಾಸಿಗೆಯ ಪಕ್ಕದಲ್ಲೇ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆಯೊಳಗೆ ನರಕ್ಕೆ ಹರಿಸಿ ಮುಗಿಸುತ್ತಾರೆ.

ಈ ಬಗೆಯ ಮೊದಲ ಚಿಕಿತ್ಸೆಗೆ ಅಮೆರಿಕದಲ್ಲಿ 2017ರ ಆಗಸ್ಟಿನಲ್ಲಿ ಅನುಮತಿ ಸಿಕ್ಕಾಗ ಬೆಲೆ 4,75,000 ಡಾಲರ್ ಇತ್ತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರಗಳ ಜಂಟಿ ಶ್ರಮದಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. 15 ವರ್ಷ ದಾಟಿದ, ಕಾಯಿಲೆ ಮರುಕಳಿಸಿದ ಅಥವಾ ಬೇರೆ ಔಷಧಕ್ಕೆ ಬಗ್ಗದ ರೋಗಿಗಳಿಗೆ ಅದು ಸಲ್ಲುತ್ತದೆ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು, ವಯಸ್ಕರ ಬಿ ಕೋಶ ಲಿಂಫೋಮಾಗೆ. ನೆಕ್ಸ್‌ಕಾರ್19ರ ಬೆಲೆ 40ರಿಂದ 50 ಲಕ್ಷ ರೂಪಾಯಿಯ ಆಸುಪಾಸಿನಲ್ಲಿದೆ ಎಂದು ವರದಿಯಾಗಿದೆ. ವಿದೇಶಿ ಬೆಲೆಯ ಮುಂದೆ ಇದು ದೊಡ್ಡ ಸಾಧನೆಯೇ ಹೌದು, ಆದರೆ ಎರಡು ಎಕರೆ ಅಡಿಕೆ ತೋಟದವರ ಮುಂದೆ ಇದು ಈಗಲೂ ಬೆಟ್ಟದಂಥ ಮೊತ್ತ.

ಫಲಿತಾಂಶವನ್ನು ಓದುವಾಗ ಒಂದು ಎಚ್ಚರ ಬೇಕು. ನೆಕ್ಸ್‌ಕಾರ್19ರ ಪ್ರಯೋಗದಲ್ಲಿ ಶೇ. 73ರಷ್ಟು ರೋಗಿಗಳಲ್ಲಿ, ಕಾರ್ಟೆಮಿಯ ಸಣ್ಣ ಪ್ರಯೋಗದಲ್ಲಿ ಸುಮಾರು ಶೇ. 83ರಷ್ಟು ರೋಗಿಗಳಲ್ಲಿ ಕಾಯಿಲೆ ಪೂರ್ತಿಯಾಗಿ ಅಥವಾ ಭಾಗಶಃ ತಗ್ಗಿತು. ಎರಡೂ ಪ್ರಯೋಗಗಳ ರೋಗಿಗಳು ಬೇರೆ ಬೇರೆಯಾದ್ದರಿಂದ, ಒಂದು ಸಂಖ್ಯೆ ದೊಡ್ಡದೆಂದು ಆ ಚಿಕಿತ್ಸೆಯೇ ಮೇಲು ಎನ್ನಲಾಗದು. ಇದಕ್ಕಿಂತ ಮುಖ್ಯವಾಗಿ, ಕಾಯಿಲೆ ತಗ್ಗುವುದು ಬೇರೆ, ತಗ್ಗಿದ್ದು ಹಾಗೇ ಉಳಿಯುವುದು ಬೇರೆ. ಮಕ್ಕಳು ಮತ್ತು ಯುವಕರ ಲ್ಯುಕೇಮಿಯಾ ಕುರಿತ ಪ್ರಸಿದ್ಧ ಅಂತರರಾಷ್ಟ್ರೀಯ ಪ್ರಯೋಗವೊಂದರಲ್ಲಿ ಮೂರು ತಿಂಗಳೊಳಗೆ ಶೇ. 81 ಮಂದಿಯಲ್ಲಿ ಕಾಯಿಲೆ ಮಾಯವಾಗಿತ್ತು, ಆದರೆ ಒಂದು ವರ್ಷದ ಹೊತ್ತಿಗೆ ಮರುಕಳಿಕೆಯೂ ಇಲ್ಲದೆ ಇದ್ದವರ ಪ್ರಮಾಣ ಶೇ. 50ರ ಹತ್ತಿರ ಇತ್ತು. ಹಾಗಾಗಿ ವೈದ್ಯರನ್ನು ಕೇಳಬೇಕಾದ್ದು, "ನಮ್ಮಂಥ ಕಾಯಿಲೆಯಲ್ಲಿ ಒಂದು ವರ್ಷ, ಎರಡು ವರ್ಷದ ನಂತರ ಕಾಯಿಲೆ ಇಲ್ಲದೆ ಇರುವವರು ನೂರಕ್ಕೆ ಎಷ್ಟು ಜನ?" ಎಂದು.

ಅಪಾಯಗಳಲ್ಲಿ ಮೊದಲನೆಯದು ಸೈಟೋಕೈನ್ ಬಿರುಸು. ಹೊಸ ಕೋಶಗಳು ಕೆಲಸ ಆರಂಭಿಸಿದಾಗ ತೀವ್ರ ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯಬಹುದು, ಕೆಲವರಿಗೆ ಐಸಿಯು ಬೇಕಾಗುತ್ತದೆ. ಟೋಸಿಲಿಜುಮ್ಯಾಬ್ ಎಂಬ ಔಷಧದಿಂದ ಬಹುಪಾಲು ಹತೋಟಿಗೆ ಬರುತ್ತದೆ. ಎರಡನೆಯದು ಮಿದುಳಿನ ಮೇಲಿನ ಪರಿಣಾಮ. ಇದನ್ನು ಹಿಡಿಯುವ ಪರೀಕ್ಷೆ ಬಹಳ ಸರಳವಾದದ್ದು: ದಾದಿ ಪ್ರತಿದಿನ ರೋಗಿಯ ಕೈಗೆ ಹಾಳೆ ಕೊಟ್ಟು ಒಂದೇ ವಾಕ್ಯವನ್ನು ಬರೆಸುತ್ತಾರೆ, ನೂರರಿಂದ ಹತ್ತು ಹತ್ತು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳುತ್ತಾರೆ. ನಿನ್ನೆ ನೆಟ್ಟಗಿದ್ದ ಅಕ್ಷರ ಇವತ್ತು ಸೊಟ್ಟಗಾದರೆ, ರೋಗಿಗೆ ಬೇರೇನೂ ಅನ್ನಿಸದಿದ್ದರೂ, ಅದೇ ಮೊದಲ ಸೂಚನೆಯಾಗಿರಬಹುದು. ಕನ್ನಡ ಮಾತ್ರ ಬಲ್ಲವರಾದರೆ ಕನ್ನಡದಲ್ಲೇ ಬರೆಸಬೇಕೆಂದು ಮನೆಯವರು ಮೊದಲೇ ಹೇಳಿಡುವುದು ಒಳ್ಳೆಯದು. ಚಿಕಿತ್ಸೆ ಪಡೆದ ಕೆಲವರಲ್ಲಿ ಮುಂದೆ ಟಿ ಕೋಶದ್ದೇ ಕ್ಯಾನ್ಸರ್ ಕಾಣಿಸಿಕೊಂಡದ್ದರಿಂದ 2024ರ ಜನವರಿಯಲ್ಲಿ ಅಮೆರಿಕದ ಔಷಧ ಇಲಾಖೆ ಆ ಎಚ್ಚರಿಕೆಯನ್ನು ಚೀಟಿಯಲ್ಲೇ ಮುದ್ರಿಸಲು ಸೂಚಿಸಿತು. ಅದು ಬಹಳ ಅಪರೂಪ, ಆದರೂ ಜೀವನಪರ್ಯಂತ ತಪಾಸಣೆ ಬೇಕಾಗುತ್ತದೆ.

ಸ್ವಂತ ಕೋಶದ ಕಸಿ

ರೋಗಿಯದೇ ಆಕರ ಕೋಶಗಳನ್ನು (ಹೊಸ ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳು) ತೆಗೆದಿಟ್ಟು, ಅತಿ ಹೆಚ್ಚು ಪ್ರಮಾಣದ ಕೀಮೋ ಕೊಟ್ಟು, ತೆಗೆದಿಟ್ಟ ಕೋಶಗಳನ್ನು ಮರಳಿಸುವ ಈ ವಿಧಾನ ಹಳೆಯದೆಂದು ಕೆಲವರು ಮೂಗು ಮುರಿಯುವುದನ್ನು ಕಂಡಿದ್ದೇನೆ. ಅದು ನ್ಯಾಯವಲ್ಲ. ಲಿಂಫೋಮಾ ಒಂದು ವರ್ಷಕ್ಕಿಂತ ತಡವಾಗಿ ಮರಳಿ, ಎರಡನೆಯ ಸುತ್ತಿನ ಕೀಮೋಗೆ ಪೆಟ್ ಸ್ಕ್ಯಾನಿನಲ್ಲಿ ಚೆನ್ನಾಗಿ ತಗ್ಗಿದ್ದರೆ, ಈಗಲೂ ಇದು ಗುಣವಾಗುವ ಗಟ್ಟಿ ದಾರಿ. ಕಾರ್-ಟಿಯ ಖರ್ಚಿನ ಒಂದು ಭಾಗದಲ್ಲೇ ಮುಗಿಯುತ್ತದೆ, ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲೂ ಲಭ್ಯವಿದೆ.

ಆದರೆ ಕಾಯಿಲೆ ಹನ್ನೆರಡು ತಿಂಗಳೊಳಗೆ ಮರಳಿದ್ದರೆ ಲೆಕ್ಕ ಬದಲಾಗುತ್ತದೆ. ದೊಡ್ಡ ಬಿ ಕೋಶದ ಲಿಂಫೋಮಾ ಇದ್ದ 359 ರೋಗಿಗಳ ಮೇಲೆ ನಡೆದ ಜುಮಾ-7 ಪ್ರಯೋಗದಲ್ಲಿ, ಕಾಯಿಲೆ ಮುಂದುವರಿಯದೆ, ಬೇರೆ ಚಿಕಿತ್ಸೆಯ ಅಗತ್ಯವೂ ಬೀಳದೆ ಎರಡು ವರ್ಷ ಕಳೆದವರು ಕಾರ್-ಟಿ ಗುಂಪಿನಲ್ಲಿ ಶೇ. 41, ಕೀಮೋ ಮತ್ತು ಕಸಿಯ ಗುಂಪಿನಲ್ಲಿ ಶೇ. 16. ಕಾರಣವೂ ಅಲ್ಲೇ ಸ್ಪಷ್ಟವಾಗಿತ್ತು: ಕಸಿಯ ಗುಂಪಿಗೆ ಸೇರಿದವರಲ್ಲಿ ಶೇ. 36 ಮಂದಿ ಮಾತ್ರ ಕಸಿಯ ಹಂತ ತಲುಪಿದರು. ಉಳಿದವರಲ್ಲಿ ಹೆಚ್ಚಿನವರ ಕಾಯಿಲೆ ಅದಕ್ಕೆ ಮೊದಲಿನ ಕೀಮೋಗೆ ಬಗ್ಗಲಿಲ್ಲ. ಇದೇ ಪ್ರಶ್ನೆಯನ್ನು ಬೇರೊಂದು ಕಾರ್-ಟಿ ಇಟ್ಟುಕೊಂಡು ಕೇಳಿದ ಬೆಲಿಂಡಾ ಪ್ರಯೋಗದಲ್ಲಿ ಮಾತ್ರ ಎರಡೂ ಗುಂಪು ಸರಿಸಮವಾಗಿದ್ದವು. ಅಲ್ಲಿ ರೋಗಿಯ ಕೋಶ ತೆಗೆದು ಮರಳಿ ಕೊಡುವ ಹೊತ್ತಿಗೆ ಸರಾಸರಿ 52 ದಿನ ಕಳೆದಿದ್ದವು, ಈ ವಿಳಂಬವೂ ಸೋಲಿಗೆ ಒಂದು ಕಾರಣವೆಂದು ತಜ್ಞರು ಎಣಿಸುತ್ತಾರೆ. ಆದ್ದರಿಂದ ಆಸ್ಪತ್ರೆಯನ್ನು ಆರಿಸುವಾಗ, ಕೋಶ ತೆಗೆದ ದಿನದಿಂದ ಮರಳಿ ಕೊಡುವ ದಿನದವರೆಗೆ ಅವರಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುವುದು ಬೆಲೆ ಕೇಳುವಷ್ಟೇ ಅಗತ್ಯ.

ದಾನಿಯ ಕೋಶದ ಕಸಿ

ಲ್ಯುಕೇಮಿಯಾದಲ್ಲಿ, ವಿಶೇಷವಾಗಿ ಯುವಕರಲ್ಲಿ, ದಾನಿಯ ಕಸಿ ಇಂದಿಗೂ ಕೇಂದ್ರಸ್ಥಾನದಲ್ಲಿದೆ. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ತಂದೆ, ತಾಯಿ ಅಥವಾ ಮಕ್ಕಳಿಂದ ಅರ್ಧ ಹೊಂದಾಣಿಕೆಯ ಹ್ಯಾಪ್ಲೋ ಕಸಿ ಮಾಡಬಹುದಾದ್ದರಿಂದ, ದಾನಿಯೇ ಇಲ್ಲ ಎನ್ನುವ ಸ್ಥಿತಿ ಈಗ ಅಪರೂಪ. ಬೇರೆಯವರ ರೋಗನಿರೋಧಕ ವ್ಯವಸ್ಥೆಯೇ ಕ್ಯಾನ್ಸರನ್ನು ಹತ್ತಿಕ್ಕುವುದು ಇದರ ಬಲ. ಅದೇ ವ್ಯವಸ್ಥೆ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೂ ತಿರುಗಿ ಬೀಳಬಹುದಾದ್ದು ಇದರ ಬೆಲೆ. ಕಾರ್-ಟಿಯಿಂದ ಲ್ಯುಕೇಮಿಯಾ ತಗ್ಗಿದ ಮೇಲೆ ಅದನ್ನು ಗಟ್ಟಿ ಮಾಡಲು ದಾನಿಯ ಕಸಿಯನ್ನೂ ಮಾಡಬೇಕೆಂದು ವಯಸ್ಕರಿಗೆ ಅನೇಕ ವೈದ್ಯರು ಸಲಹೆ ಕೊಡುತ್ತಾರೆ. ಹಾಗಿದ್ದರೆ ಎರಡರ ಖರ್ಚನ್ನೂ ಒಟ್ಟಿಗೆ ಎಣಿಸಬೇಕು. ಮೊದಲನೆಯದಕ್ಕೇ ಎಲ್ಲವನ್ನೂ ಸುರಿದು ಎರಡನೆಯದಕ್ಕೆ ಕೈ ಬರಿದಾಗುವುದು ಬಹಳ ಕಷ್ಟದ ಸ್ಥಿತಿ.

ಬೈಸ್ಪೆಸಿಫಿಕ್ ಔಷಧಗಳು

ಇವು ಜೀನ್ ಚಿಕಿತ್ಸೆಯಲ್ಲ, ಆದರೆ ಕಾರ್-ಟಿಗೆ ನೇರ ಸ್ಪರ್ಧಿಗಳು. ಒಂದು ತುದಿಯಿಂದ ರೋಗಿಯ ಟಿ ಕೋಶವನ್ನೂ ಇನ್ನೊಂದು ತುದಿಯಿಂದ ಕ್ಯಾನ್ಸರ್ ಕೋಶವನ್ನೂ ಹಿಡಿದು ಹತ್ತಿರ ತರುವ ಪ್ರತಿಕಾಯಗಳಿವು. ಸಿದ್ಧ ಔಷಧವಾದ್ದರಿಂದ ತಯಾರಿಕೆಗೆ ಕಾಯಬೇಕಿಲ್ಲ. ಓಡುತ್ತಿರುವ ಕಾಯಿಲೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಲಿಂಫೋಮಾಗೆ ಕೊಡುವ ಗ್ಲೋಫಿಟಮ್ಯಾಬ್ ಮೂರು ವಾರಕ್ಕೊಮ್ಮೆಯಂತೆ ಹೆಚ್ಚೆಂದರೆ 12 ಸುತ್ತಿಗೆ ಮುಗಿಯುತ್ತದೆ, ಅದರ ಮುಖ್ಯ ಪ್ರಯೋಗದಲ್ಲಿ ಶೇ. 39 ಮಂದಿಯಲ್ಲಿ ಕಾಯಿಲೆ ಪೂರ್ತಿ ಮಾಯವಾಯಿತು. ಲ್ಯುಕೇಮಿಯಾಗೆ ಕೊಡುವ ಬ್ಲಿನಾಟುಮೊಮ್ಯಾಬನ್ನು ಪಂಪಿನ ಮೂಲಕ 28 ದಿನ ಹಗಲೂ ರಾತ್ರಿ ಎಡೆಬಿಡದೆ ಹರಿಸಬೇಕು. ಸೈಟೋಕೈನ್ ಬಿರುಸು ಇಲ್ಲೂ ಇದೆ, ಸಾಮಾನ್ಯವಾಗಿ ಸೌಮ್ಯ. ಮೊದಲ ಕೆಲವು ಡೋಸ್‌ಗಳಿಗೆ ದಾಖಲಾಗಬೇಕು. ಕೆಲವು ಬೈಸ್ಪೆಸಿಫಿಕ್‌ಗಳನ್ನು ಕಾಯಿಲೆ ಮರಳುವವರೆಗೂ ನಿಲ್ಲಿಸುವಂತಿಲ್ಲ, ಆಗ ಖರ್ಚಿಗೆ ಕೊನೆಯ ಅಂಕಿ ಎಂಬುದೇ ಇರುವುದಿಲ್ಲ. ಎಪ್ಪತ್ತು ದಾಟಿದವರಿಗೆ, ಹೃದಯ ದುರ್ಬಲವಾಗಿರುವವರಿಗೆ ನಾನು ಮೊದಲು ವಿಚಾರಿಸಲು ಹೇಳುವುದು ಇದನ್ನೇ.

ಕ್ರಮ ತಪ್ಪಿದರೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು, ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಔಷಧ ಒಳ್ಳೆಯದಿದ್ದೂ ಫಲವಿಲ್ಲ. ಟಿ ಕೋಶ ತೆಗೆಯುವುದೂ ಹೀಗೆಯೇ ಕಾಲಕ್ಕೆ ಕಟ್ಟುಬಿದ್ದ ಕೆಲಸ. ಕಾರ್-ಟಿಗೆ ಕಚ್ಚಾ ಸಾಮಗ್ರಿ ರೋಗಿಯ ಟಿ ಕೋಶ. ಸುತ್ತಿನ ಮೇಲೆ ಸುತ್ತು ಕೀಮೋ ಆದಂತೆ ಅವು ಸೊರಗುತ್ತವೆ. ಬೆಂಡಮುಸ್ಟಿನ್ ಎಂಬ ಔಷಧ ವಿಶೇಷವಾಗಿ ಅವುಗಳನ್ನು ಕುಗ್ಗಿಸುವುದರಿಂದ, ಕೋಶ ತೆಗೆಯುವ ಮುಂಚಿನ ತಿಂಗಳುಗಳಲ್ಲಿ ಅದನ್ನು ತಪ್ಪಿಸಬೇಕೆಂದು ತಜ್ಞರು ಹೇಳುತ್ತಾರೆ. ಮರುಕಳಿಸಿದ್ದು ಬಯಾಪ್ಸಿಯಲ್ಲಿ ಖಚಿತವಾದ ವಾರದಲ್ಲೇ, ಮುಂದಿನ ಕೀಮೋ ಆರಂಭಿಸುವ ಮೊದಲು, ಕಾರ್-ಟಿ ಮತ್ತು ಕಸಿ ಎರಡೂ ಮಾಡುವ ಕೇಂದ್ರದ ಅಭಿಪ್ರಾಯ ಪಡೆಯಿರಿ. ಹಣವಿಲ್ಲದವರೂ ಪಡೆಯಬೇಕು, ಏಕೆಂದರೆ ಅಭಿಪ್ರಾಯಕ್ಕೆ ತಗಲುವುದು ಒಂದು ಪ್ರಯಾಣ ಮಾತ್ರ. ಈ ನಡುವೆ ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರಾದರೆ ಕಾರಣ ತಿಳಿಯದೆ ಇಡೀ ಚಿಕಿತ್ಸೆ ನಿಲ್ಲಬಹುದು.

ಹಣ ಮತ್ತು ದೂರ

ಆಸ್ಪತ್ರೆ ಹೇಳುವ ಬೆಲೆ ಎಂದೂ ಒಟ್ಟು ಖರ್ಚಲ್ಲ. ಕೋಶ ತಯಾರಾಗುವವರೆಗಿನ ಕೀಮೋ, ಐಸಿಯು, ಟೋಸಿಲಿಜುಮ್ಯಾಬ್, ಮುಂದೆ ತಿಂಗಳುಗಟ್ಟಲೆ ಬೇಕಾಗಬಹುದಾದ, ಸೋಂಕು ತಡೆಯಲು ಕೊಡುವ ಇಮ್ಯುನೋಗ್ಲಾಬ್ಯುಲಿನ್, ಕೇಂದ್ರದ ಹತ್ತಿರ ಬಾಡಿಗೆ ಕೋಣೆ, ಜೊತೆಗೆ ಇರುವ ಇಬ್ಬರ ಊಟ, ಊರಿನಲ್ಲಿ ನಿಂತುಹೋದ ಕೊಯ್ಲು, ಇವೆಲ್ಲ ಸೇರಬೇಕು. ಕಾರ್-ಟಿ ಆದ ಮೇಲಿನ ಮೊದಲ ವಾರಗಳಲ್ಲಿ ಜ್ವರ ಬಂದ ಕೂಡಲೇ ಕೇಂದ್ರ ತಲುಪುವಷ್ಟು ಹತ್ತಿರದಲ್ಲಿರಬೇಕು. ಸುಮಾರು ನಾಲ್ಕು ವಾರ ಎಂದು ಯೋಜಿಸಿಕೊಳ್ಳುವುದು ಕ್ಷೇಮ. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಮಣಿಪಾಲ ಹತ್ತಿರವಾದರೂ ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ದಾನಿಯ ಕಸಿಗೆ ನೂರು ದಿನಗಳ ಲೆಕ್ಕ ಹಿಡಿಯಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸಹಕಾರ ಸಂಘದ ಸದಸ್ಯರಾದ ಬೆಳೆಗಾರರು ಯಶಸ್ವಿನಿಯನ್ನೂ ವಿಚಾರಿಸಬೇಕು. ಇವು ಕಸಿಗೆ ಒಂದಿಷ್ಟು ಹೆಗಲು ಕೊಡಬಲ್ಲವು, ಕಾರ್-ಟಿಯ ಮೊತ್ತಕ್ಕೆ ಸಾಲವು. ಖಾಸಗಿ ವಿಮೆ ಇದ್ದವರು ಒಂದು ವ್ಯತ್ಯಾಸ ಗಮನಿಸಬೇಕು: ವಿಮಾ ನಿಯಂತ್ರಣ ಪ್ರಾಧಿಕಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ರಕ್ತದ ಕಾಯಿಲೆಗೆ ಮಾಡುವ ಆಕರ ಕೋಶದ ಕಸಿ ಮತ್ತು ಪ್ರತಿಕಾಯದ ಚುಚ್ಚುಮದ್ದು ಹೆಸರಿಸಿಯೇ ಇವೆ, ಆದರೆ ಕಂಪನಿಗಳು ಅವುಗಳಿಗೆ ಉಪಮಿತಿ ಹಾಕಿರುತ್ತವೆ. ಕಾರ್-ಟಿಯ ಬಗ್ಗೆ ಲಿಖಿತ ಪೂರ್ವಾನುಮತಿ ಬರುವವರೆಗೆ ಏಜೆಂಟರ ಬಾಯಿಮಾತನ್ನು ನಂಬಿ ಮುಂಗಡ ಕಟ್ಟಬೇಡಿ.

ಹಣವಿಲ್ಲದವರಿಗೆ ಕ್ಲಿನಿಕಲ್ ಟ್ರಯಲ್ ನಿಜವಾದ ಆಯ್ಕೆ. ಅದರಲ್ಲಿ ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದಿಲ್ಲ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. ಭಾರತದ ಪ್ರಯೋಗ ನೋಂದಣಿಯಾದ ಸಿಟಿಆರ್‌ಐ ಸಂಖ್ಯೆ ಕೇಳಿ. ಸಂಖ್ಯೆ ಕೊಡಲಾರದೆ ಲಕ್ಷಗಟ್ಟಲೆ ಹಣ ಕೇಳುವ "ಸ್ಟೆಮ್ ಸೆಲ್" ಕ್ಲಿನಿಕ್‌ಗಳಿಂದ ದೂರವಿರಿ.

ಊರಿಗೆ ಮರಳಿದ ಮೇಲೆ

ಸಿಡಿ19 ಇರುವ ಆರೋಗ್ಯವಂತ ಬಿ ಕೋಶಗಳೂ ಕಾರ್-ಟಿಯಿಂದ ನಾಶವಾಗುವುದರಿಂದ ತಿಂಗಳುಗಟ್ಟಲೆ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಕೊಟ್ಟಿಗೆಯ ಗೊಬ್ಬರ ಎತ್ತುವುದು, ಕೊಳೆತ ದರಕು ಕೆದಕುವುದು, ಬೂಷ್ಟು ಹಿಡಿದ ಅಡಿಕೆ ಆರಿಸುವುದು ಶ್ವಾಸಕೋಶಕ್ಕೆ ಶಿಲೀಂಧ್ರ ತಗುಲಿಸಬಲ್ಲವು. 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಅದರ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಸೊಪ್ಪಿನಬೆಟ್ಟದ ಕಡೆಗೆ ರೋಗಿ ಸುಳಿಯಬಾರದು. ಸಾಧ್ಯವಾದರೆ ಕೆಲವು ತಿಂಗಳು ಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದು, ರಕ್ತಪರೀಕ್ಷೆಯನ್ನು ಶಿವಮೊಗ್ಗದಲ್ಲೇ ಮಾಡಿಸಿ ವರದಿಯನ್ನು ಕೇಂದ್ರಕ್ಕೆ ಕಳುಹಿಸುವ ಏರ್ಪಾಡು ಮಾಡಿಕೊಳ್ಳಿ.

ಕೆಲವು ಸನ್ನಿವೇಶಗಳು

ಐವತ್ತೈದರ ಬೆಳೆಗಾರರೊಬ್ಬರಿಗೆ ದೊಡ್ಡ ಬಿ ಕೋಶದ ಲಿಂಫೋಮಾ ಎಂಟು ತಿಂಗಳಿಗೇ ಮರಳಿದೆ, ದೇಹ ಗಟ್ಟಿಯಿದೆ, ವಿಮೆ ಅಥವಾ ಕುಟುಂಬದ ಉಳಿತಾಯ ದೊಡ್ಡ ಪಾಲು ಹೊರಬಲ್ಲದು ಎಂದಿಟ್ಟುಕೊಳ್ಳಿ. ಕಾರ್-ಟಿಗೆ ಇದಕ್ಕಿಂತ ಸ್ಪಷ್ಟ ಕಾರಣವಿಲ್ಲ, ತಡಮಾಡಬಾರದು. ಅದೇ ವ್ಯಕ್ತಿಗೆ ಕಾಯಿಲೆ ಮೂರು ವರ್ಷದ ನಂತರ ಮರಳಿ, ಎರಡು ಸುತ್ತು ಕೀಮೋಗೆ ಸ್ಕ್ಯಾನ್ ಶುಭ್ರವಾಗಿದ್ದರೆ ಸ್ವಂತ ಕೋಶದ ಕಸಿಯೇ ಸರಿ. ತೋಟ ಉಳಿಸಿಕೊಂಡು ಕಾರ್-ಟಿಯನ್ನು ಮುಂದಿನ ಅಸ್ತ್ರವಾಗಿ ಇಟ್ಟುಕೊಳ್ಳಬಹುದು. ಇಪ್ಪತ್ತೆರಡರ ವಿದ್ಯಾರ್ಥಿನಿಗೆ ಬಿ ಲ್ಯುಕೇಮಿಯಾ ಮರಳಿದ್ದರೆ, ಮೊದಲು ಅಣ್ಣತಮ್ಮಂದಿರ, ಅಪ್ಪ ಅಮ್ಮಂದಿರ ಹೊಂದಾಣಿಕೆ ಪರೀಕ್ಷೆ ಮಾಡಿಸಿ, ಕಾಯಿಲೆ ತಗ್ಗಿಸಲು ಬ್ಲಿನಾಟುಮೊಮ್ಯಾಬ್ ಅಥವಾ ಕಾರ್-ಟಿ, ಅದರ ಬೆನ್ನಿಗೇ ದಾನಿಯ ಕಸಿ ಎಂಬ ಪೂರ್ತಿ ಯೋಜನೆಯನ್ನು ಮೊದಲ ದಿನವೇ ಕೇಳಿ. ಎಂಬತ್ತರ ಅಜ್ಜಿಗೆ ಮೂರನೆಯ ಬಾರಿ ಮರಳಿದ್ದು, ಅವರು ಬೆಂಗಳೂರಿನ ಐಸಿಯು ಬೇಡವೆಂದು ಸ್ಪಷ್ಟವಾಗಿ ಹೇಳುತ್ತಿದ್ದರೆ, ನೋವು, ಉಸಿರಾಟದ ಕಷ್ಟಗಳನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆಯೂ ಪೂರ್ಣ ಪ್ರಮಾಣದ ಆಯ್ಕೆಯೇ. ಅದನ್ನು ಆರಿಸಿದ ಮಕ್ಕಳು ಕೈಬಿಟ್ಟರು ಎಂದು ಯಾರೂ ಆಡಬಾರದು.

ಯಾವ ದಾರಿಯಾದರೂ, ಸಹಿ ಹಾಕುವ ಮೊದಲು ಇವುಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಈ ಕೇಂದ್ರದಲ್ಲಿ ಇದುವರೆಗೆ ಎಷ್ಟು ಮಂದಿಗೆ ಈ ಚಿಕಿತ್ಸೆ ಆಗಿದೆ, ಪ್ಯಾಕೇಜಿನಲ್ಲಿ ಐಸಿಯು ದಿನಗಳು ಸೇರಿವೆಯೇ, ಕೋಶ ತಯಾರಿಕೆ ವಿಫಲವಾದರೆ ಅಥವಾ ಕೊಡುವ ಮೊದಲೇ ರೋಗಿಯ ಸ್ಥಿತಿ ಕೆಟ್ಟರೆ ಎಷ್ಟು ಹಣ ಮರಳುತ್ತದೆ. ಹೋಗುವಾಗ ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು, ಪೆಟ್ ಸ್ಕ್ಯಾನಿನ ಸಿಡಿಯನ್ನು, ಇದುವರೆಗೆ ಕೊಟ್ಟ ಪ್ರತಿ ಕೀಮೋದ ಹೆಸರು, ತಾರೀಖು ಇರುವ ಡಿಸ್ಚಾರ್ಜ್ ಪತ್ರಗಳನ್ನು ಜೊತೆಗೆ ಒಯ್ಯಿರಿ. ಅವಿಲ್ಲದಿದ್ದರೆ ಪರೀಕ್ಷೆಗಳನ್ನು ಮತ್ತೆ ಮಾಡಿಸುವುದರಲ್ಲೇ ಎರಡು ವಾರ ಹೋಗುತ್ತದೆ.